ಪಂಪಿನ ಕೆಳಗಿನ ಆ ತೂತು ಮುಚ್ಚಿದ್ದೀರಲ್ಲ, ಮೊದಲು ಅದನ್ನು ಬಿಡಿಸಿ

ಶಿರಾದ ಅಣ್ಣನವರಿಗೆ ನಮಸ್ಕಾರ. ನೀವು ಹಾಕಿದ ನಾಲ್ಕೂ ಫೋಟೊ ದೊಡ್ಡದು ಮಾಡಿ ನೋಡಿದೆ. 2009ರ ಬೊಲೆರೊ ಪಿಕಪ್, ಐದು ತಿಂಗಳ ಹಿಂದೆ ಹೊಸ ವಾಟರ್ ಪಂಪ್ (ಇಂಜಿನ್ ತಣಿಸುವ ನೀರನ್ನು ತಿರುಗಿಸುವ ಪಂಪ್) ಹಾಕಿಸಿದ್ದು. ಈಗ ಮತ್ತೆ ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ಹನಿಯುತ್ತಿತ್ತು, ಯಾರೋ ಹೇಳಿದರು ಅಂತ ಎಂ-ಸೀಲ್ ಮೆತ್ತಿದೆ, ಸೋರಿಕೆ ಪೂರ್ತಿ ನಿಂತಿತು, ಸೋಮವಾರ ಈರುಳ್ಳಿ ತುಂಬಿಕೊಂಡು ಯಶವಂತಪುರಕ್ಕೆ ಹೊರಡುತ್ತೇನೆ ಅಂತ ಬರೆದಿದ್ದೀರಿ. ಕೆಳಗೆ ಸುಮಾರು ಜನ ‘ಒಳ್ಳೆ ಐಡಿಯಾ’ ಅಂತ ಹೆಬ್ಬೆಟ್ಟು ಒತ್ತಿದ್ದಾರೆ. ದಯವಿಟ್ಟು ಆ ಗಾಡಿಯಲ್ಲಿ ಹೊರಡಬೇಡಿ. ಇದೇ ಕೆಲಸ ನಾನು 2016ರಲ್ಲಿ ಮಾಡಿದ್ದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ತೂತು ತಯಾರಿಕೆಯಲ್ಲಿ ಆದ ತಪ್ಪಲ್ಲ. ಬೇಕು ಅಂತಲೇ ಬಿಟ್ಟಿರುವುದು. ಪಂಪಿನ ಒಳಗೆ ಒಂದು ಕಡೆ ನೀರು, ಇನ್ನೊಂದು ಕಡೆ ಬೇರಿಂಗ್, ನಡುವೆ ಒಂದು ಸೀಲ್. ಸೀಲ್ ಸವೆದಾಗ ಸೋರಿದ ನೀರು ಬೇರಿಂಗ್ ಕಡೆಗೆ ನುಗ್ಗದೆ ಕೆಳಗೆ ಬಿದ್ದುಹೋಗಲಿ ಅಂತ ಆ ದಾರಿ. ನೀವು ದಾರಿ ಮುಚ್ಚಿದ್ದೀರಿ. ನೀರು ಈಗ ಎಲ್ಲಿಗೆ ಹೋಗಬೇಕು? ಬೇರಿಂಗಿಗೆ. ಅಲ್ಲಿನ ಗ್ರೀಸ್ ತೊಳೆದುಹೋಗುತ್ತದೆ. ಎಂ-ಸೀಲ್‌ದು ತಪ್ಪೇನಿಲ್ಲ, ತೋಟದ ಪೈಪಿಗೆ ನಾನೂ ಅದನ್ನೇ ಹಚ್ಚುತ್ತೇನೆ. ಜಾಗ ತಪ್ಪು ಅಷ್ಟೇ.

ಆಗ ನನ್ನದೂ ಹಳೆ ಪಿಕಪ್, ಅದೇ 2523 ಸಿಸಿ ಡಿಐ ಇಂಜಿನ್. ತೂತು ಮುಚ್ಚಿ ಹದಿನೈದು ದಿನ ಆರಾಮಾಗಿ ಓಡಿತು. ಮೇ ತಿಂಗಳ ಕೊನೆಯಲ್ಲಿ ವಿಟ್ಲದ ತೋಟದ ಬೆಳೆ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐನಿಂದ ಅಡಿಕೆ ಸಸಿ ತರಲು ಹೋದೆ. ಮುನ್ನೂರು ಸಸಿ, ಜೊತೆಗೆ ಅಕ್ಕನ ಮನೆಯಿಂದ ನಾಲ್ಕು ಮೂಟೆ ಹಿಂಡಿ. ವಾಪಸ್ ಬರುವಾಗ ಉಜಿರೆ ದಾಟಿದ ಮೇಲೆ ಇಂಜಿನ್ ಕಡೆಯಿಂದ ಗಿರಣಿ ಕಲ್ಲು ತಿರುಗಿದ ಹಾಗೆ ಸದ್ದು. ಬೆಲ್ಟ್ ಇರಬೇಕು ಅಂತ ಸುಮ್ನೆ ಓಡಿಸಿದೆ. ಚಾರ್ಮಾಡಿ ಘಾಟಿ ಶುರುವಾದಾಗ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯಿತು. ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿ ಮೆಲ್ಲಗೆ ಹತ್ತಿಸಿದೆ. ಸ್ವಲ್ಪ ದೂರ ಹೋದ ಮೇಲೆ ಮುಳ್ಳು ತಾನಾಗಿ ಕೆಳಗೆ ಇಳಿಯಿತು. ಸದ್ಯ ಸರಿಹೋಯಿತು ಅಂತ ಉಸಿರು ಬಿಟ್ಟೆ.

ಇದನ್ನು ಎಲ್ಲರೂ ನೆನಪಿಡಿ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಮುಳ್ಳು ನಿಜ ಹೇಳುತ್ತದೆ. ನೀರು ಪೂರ್ತಿ ಖಾಲಿಯಾದರೆ ಸೆನ್ಸರ್ ಸುತ್ತ ಬರೀ ಗಾಳಿ, ಆಗ ಮುಳ್ಳು ಇಳಿಯುತ್ತದೆ. ಇಂಜಿನ್ ಮಾತ್ರ ಒಳಗೇ ಬೇಯುತ್ತಿರುತ್ತದೆ. ಏರಿನಲ್ಲಿ ಕಾರಣವಿಲ್ಲದೆ ಮುಳ್ಳು ಇಳಿದರೆ ಅದು ಏರಿದ್ದಕ್ಕಿಂತ ಕೆಟ್ಟ ಸುದ್ದಿ. ಆ ಕ್ಷಣವೇ ಇಂಜಿನ್ ಆಫ್ ಮಾಡಬೇಕು.

ನಾನು ಮಾಡಲಿಲ್ಲ. ಇನ್ನೊಂದು ತಿರುವು ಹತ್ತುವಷ್ಟರಲ್ಲಿ ಬೇರಿಂಗ್ ಪುಡಿಯಾಯಿತು. ನಮ್ಮ ಗಾಡಿಯಲ್ಲಿ ಫ್ಯಾನ್ ಕೂತಿರುವುದೇ ಪಂಪಿನ ಹಬ್ (ತಿರುಗುವ ಮುಂದಿನ ತಲೆ) ಮೇಲೆ ಅಲ್ವಾ. ಫ್ಯಾನ್ ಮುಂದಕ್ಕೆ ವಾಲಿ ರೇಡಿಯೇಟರ್ ಕೊರೆಯಿತು, ಬೆಲ್ಟ್ ಹಾರಿಹೋಯಿತು. ಇಂಜಿನ್ ಕೂಡ ನಿಂತಿತು. ಇಳಿಜಾರಿನಲ್ಲಿ ಗಾಡಿ ಹಿಂದಕ್ಕೆ ಜಾರತೊಡಗಿತು. ಬ್ರೇಕ್ ಒತ್ತಿದೆ, ಹಿಡಿಯಿತು. ಬಿಟ್ಟು ಇನ್ನೊಂದು ಸಲ ಒತ್ತುವಾಗ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆಲ್ಟರ್ನೇಟರ್ ಹಿಂದೆಯೇ ಬ್ರೇಕ್ ಒತ್ತಲು ನೆರವಾಗುವ ವ್ಯಾಕ್ಯೂಮ್ ಪಂಪ್ ಇರುವ ಗಾಡಿಗಳಲ್ಲಿ ಬೆಲ್ಟ್ ಹೋದರೆ ಬರೀ ಚಾರ್ಜಿಂಗ್ ಹೋಗುವುದಲ್ಲ. ಉಳಿದ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಆಮೇಲೆ ಕಾಲಿನ ಬಲ ಒಂದೇ. ಎರಡೂ ಕಾಲು ಕೊಟ್ಟು ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು ಹಿಡಿದೆ. ಜೊತೆಗಿದ್ದ ಹುಡುಗ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಹಿಂದೆ ಜನ ತುಂಬಿದ ಬಸ್ಸು ಬರುತ್ತಿತ್ತು. ಇಂದಿಗೂ ಆ ತಿರುವಿಗೆ ಬಂದರೆ ಕೈ ಬೆವರುತ್ತದೆ.

ಖರ್ಚು: ರೇಡಿಯೇಟರ್ ಹೊಸದು, ಇಂಜಿನ್ ಮೇಲ್ಭಾಗದ ಹೆಡ್ ಬಾಗಿದ್ದಕ್ಕೆ ಫೇಸಿಂಗ್ (ಮುಖ ಸಮ ಮಾಡಿಸುವುದು), ಹೆಡ್ ಗ್ಯಾಸ್ಕೆಟ್, ಫ್ಯಾನ್, ಬೆಲ್ಟ್, ಟೋಯಿಂಗ್, ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ. ಎರಡು ಸಾವಿರ ಚಿಲ್ಲರೆಯ ಪಂಪ್ ಉಳಿಸಲು ಹೋಗಿ. ಸಸಿಯಲ್ಲಿ ಅರ್ಧ ಬಿಸಿಲಿಗೆ ಬಾಡಿದವು.

ಈಗ ನಿಮ್ಮ ಗಾಡಿಗೆ ಬರುತ್ತೇನೆ. ಐದು ತಿಂಗಳಿಗೇ ಪಂಪ್ ಯಾಕೆ ಹೋಯಿತು ಅಂತ ಯಾರೂ ಕೇಳಿಲ್ಲ. ಎಲ್ಲರೂ ಯಾವ ಕಂಪನಿ ಪಂಪ್ ಹಾಕಬೇಕು ಅಂತಲೇ ಚರ್ಚೆ ಮಾಡುತ್ತಿದ್ದೀರಿ. ನಿಮ್ಮ ಮೂರನೇ ಫೋಟೊ ನೋಡಿ. ಫ್ಯಾನಿನ ಒಂದು ರೆಕ್ಕೆಯ ತುದಿ ಎರಡು ಬೆರಳಷ್ಟು ಮುರಿದಿದೆ. ಗಾಳಿ ಸ್ವಲ್ಪ ಕಡಿಮೆ ಬರುತ್ತದೆ ಅಷ್ಟೇ ಅಂದುಕೊಳ್ಳಬೇಡಿ. ಒಂದು ರೆಕ್ಕೆ ಹಗುರಾದರೆ ಫ್ಯಾನ್ ತೂಗಾಡುತ್ತದೆ. ಸಾವಿರಾರು ಸುತ್ತಿನಲ್ಲಿ ಆ ಅಲುಗಾಟ ಪೂರ್ತಿ ಬೀಳುವುದು ಪಂಪಿನ ಬೇರಿಂಗ್ ಮೇಲೆ. ಬೇರಿಂಗ್ ಸಡಿಲವಾದರೆ ಶಾಫ್ಟ್ ಅಲ್ಲಾಡುತ್ತದೆ, ಶಾಫ್ಟ್ ಅಲ್ಲಾಡಿದರೆ ಸೀಲ್ ನಿಲ್ಲುವುದಿಲ್ಲ. ಆ ಫ್ಯಾನ್ ಬದಲಿಸದೆ ಚಿನ್ನದ ಪಂಪ್ ಹಾಕಿದರೂ ಮತ್ತೆ ಐದೇ ತಿಂಗಳು. ಒಡೆದ ರೆಕ್ಕೆಯ ಎದುರಿನದನ್ನೂ ಅಷ್ಟೇ ಕತ್ತರಿಸಿ ಸಮ ಮಾಡಿ ಅನ್ನುವವರು ಬರುತ್ತಾರೆ. ಕೇಳಬೇಡಿ. ಫ್ಯಾನ್ ಹೊಸದು ತನ್ನಿ.

ಎರಡನೆಯದು ಬೆಲ್ಟ್. ಕೂಗಬಾರದು ಅಂತ ಕಬ್ಬಿಣದ ರಾಡ್ ಕೊಟ್ಟು ಮೀಟಿ ತಂತಿಯ ಹಾಗೆ ಬಿಗಿ ಮಾಡುತ್ತಾರೆ. ಅದೂ ಬೇರಿಂಗನ್ನು ತಿನ್ನುತ್ತದೆ. ಉದ್ದದ ಕಡೆ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10 ರಿಂದ 12 ಮಿಲಿಮೀಟರ್ ತಗ್ಗಬೇಕು. ಹೊಸ ಬೆಲ್ಟ್ ಆದರೆ ಒಂದೆರಡು ದಿನ ಓಡಿಸಿ ಮತ್ತೆ ನೋಡಿ, ಸ್ವಲ್ಪ ಸಡಿಲವಾಗಿರುತ್ತದೆ. ಬೆಲ್ಟಿನಲ್ಲಿ ನನಗೆ ಫೆನ್ನರ್ ಬಿಟ್ಟು ಬೇರೆ ಮನಸ್ಸಿಲ್ಲ. ಹಳೆ ಬೆಲ್ಟ್ ಚೆನ್ನಾಗಿದ್ದರೂ ಹೊಸದು ಹಾಕಿ, ಹಳೆಯದನ್ನು ಸೀಟಿನ ಹಿಂದೆ ಇಟ್ಟುಕೊಳ್ಳಿ.

ಮೂರನೆಯದು ನಿಮ್ಮ ನೀರು. ತೂತಿನ ಕೆಳಗೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಇದೆ. ಬೋರ್‌ವೆಲ್ ನೀರು ಹಾಕಿದ್ದೀರಿ, ಹೌದು ತಾನೆ? ಆ ಕಡೆಯ ಬೋರ್ ನೀರಿನಲ್ಲಿ ಗಡಸು ಜಾಸ್ತಿ. ಕಾಯಿಸಿದ ಪಾತ್ರೆಯಲ್ಲಿ ಹೊಪ್ಪಳಿಕೆ ಕಟ್ಟುವುದನ್ನು ನೀವೇ ನೋಡಿರುತ್ತೀರಿ, ಅದೇ ಇಂಜಿನ್ ಒಳಗೂ ಕಟ್ಟುತ್ತದೆ. ಸೀಲಿನ ನುಣುಪಾದ ಮುಖಕ್ಕೆ ಅದು ಮರಳು ಕಾಗದ ಇದ್ದಂತೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಅರ್ಧಕ್ಕರ್ಧ ಹಾಕಿ, ಇಲ್ಲವೆ ಮೊದಲೇ ಬೆರೆಸಿ ಬರುವ ಕ್ಯಾನ್ ತನ್ನಿ. ಬೆರೆಸಿ ಬಂದದ್ದಕ್ಕೆ ಮತ್ತೆ ನೀರು ಹಾಕಬೇಡಿ, ತುಂಬಾ ಜನ ಈ ತಪ್ಪು ಮಾಡುತ್ತಾರೆ. ಮಲೆನಾಡಿನವರಾದ ನಾವು ಮಳೆ ನೀರು ಹಿಡಿದಿಡುತ್ತೇವೆ. ಜೂನ್ ಮೊದಲ ನಾಲ್ಕು ಮಳೆ ಬಿಟ್ಟು, ಮಾಡು (ಛಾವಣಿ) ತೊಳೆದ ಮೇಲೆ, ಬಿಳಿ ಪಂಚೆಯಲ್ಲಿ ಸೋಸಿ ಕ್ಯಾನ್ ತುಂಬಿದರೆ ವರ್ಷಕ್ಕೆ ಸಾಕು. ಸಿಮೆಂಟ್ ಶೀಟಿನ ಮಾಡಾದರೆ ಬೇಡ. ಸಿಮೆಂಟ್ ತೊಟ್ಟಿಯಲ್ಲಿ ನಿಂತ ನೀರೂ ಬೇಡ.

ಕೂಲೆಂಟ್ ಬಣ್ಣ ನೋಡಿ ಬೆರೆಸಬೇಡಿ. ಹಸಿರೆಲ್ಲ ಒಂದೇ ಅಲ್ಲ, ಕೆಂಪೆಲ್ಲ ಒಂದೇ ಅಲ್ಲ. ಹಳೆಯದು ಯಾವುದು ಅಂತ ಗೊತ್ತಿಲ್ಲದಿದ್ದರೆ ಪೂರ್ತಿ ಇಳಿಸಿ ತೊಳೆದು ಒಂದೇ ಕಂಪನಿಯದು ತುಂಬಿ. ಇಳಿಸಿದ್ದನ್ನು ಬಕೆಟಿನಲ್ಲಿ ಹಿಡಿದು ಮುಚ್ಚಿಡಿ. ಇದನ್ನು ಜೋರಾಗಿ ಹೇಳುತ್ತಿದ್ದೇನೆ: ಕೂಲೆಂಟ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕುತ್ತದೆ, ಕರು ಬಾಯಿ ಹಾಕುತ್ತದೆ, ಅದು ವಿಷ. ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸಿ ನೆಲಕ್ಕೆ ಬಿಡಬೇಡಿ.

ಬಿಚ್ಚುವ ಕೆಲಸ ನಿಮಗೆ ಹೇಳಿಕೊಡಬೇಕಿಲ್ಲ. ಒಂದು ಮಾತ್ರ: ಪಂಪಿನ ಬೋಲ್ಟ್‌ಗಳ ಉದ್ದ ಬೇರೆ ಬೇರೆ ಇದ್ದರೆ ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು, ಬಿಚ್ಚಿದ ಬೋಲ್ಟನ್ನು ಅದೇ ಜಾಗಕ್ಕೆ ಚುಚ್ಚಿ. ಹಳೆ ಗಾಡಿಯಲ್ಲಿ ಬೋಲ್ಟ್ ಬರದಿದ್ದರೆ ಪೈಪ್ ಕೊಟ್ಟು ತಿರುಗಿಸಬೇಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕು ಸಣ್ಣ ಪೆಟ್ಟು, ಮೊದಲು ಸ್ವಲ್ಪ ಬಿಗಿ ಕಡೆಗೆ, ಆಮೇಲೆ ಸಡಿಲ ಕಡೆಗೆ. ಆದರೂ ತುಂಡಾದರೆ ಅಲ್ಲೇ ನಿಲ್ಲಿಸಿ, ಲೇತ್‌ನವರನ್ನು ಕರೆಸಿ. ಡ್ರಿಲ್ ಹಿಡಿದು ನೀವೇ ಕೊರೆದರೆ ಬ್ಲಾಕೇ ಹಾಳಾಗುತ್ತದೆ.

ನಾನು ಹಟ ಹಿಡಿಯುವುದು ಒಂದೇ ವಿಷಯಕ್ಕೆ, ಪ್ಯಾಕಿಂಗ್ (ಪಂಪಿಗೂ ಇಂಜಿನ್ನಿಗೂ ನಡುವೆ ಸೋರದಂತೆ ಹಾಕುವ ತೆಳು ಹಾಳೆ) ಕೂರುವ ಮುಖಕ್ಕೆ. ಪಂಪ್ ಕೆಲಸದಲ್ಲಿ ಅರ್ಧ ಹೊತ್ತು ಇದಕ್ಕೇ ಕೊಡಿ. ಸಿಕ್ಕ ಸ್ಕ್ರೂ ಡ್ರೈವರ್‌ನಲ್ಲಿ ಕೆರೆದರೆ ಗೀರು ಬೀಳುತ್ತದೆ, ಸೋರುವುದು ಅದೇ ಗೀರಿನಲ್ಲಿ. ಮುರಿದ ಹ್ಯಾಕ್ಸಾ ಬ್ಲೇಡಿನ ಹಿಂಬದಿ ಬಳಸಿ, ಹಲ್ಲಿನ ಕಡೆ ಅಲ್ಲ. ಮಲಗಿಸಿ ಎಳೆಯಿರಿ. ಒಳಗಿನ ನೀರಿನ ದಾರಿಗೆ ಬಟ್ಟೆ ತುರುಕಿರಿ, ಪುಡಿ ಒಳಗೆ ಬೀಳಬಾರದು. ಬಟ್ಟೆ ತೆಗೆಯುವುದನ್ನು ಮರೆಯಬೇಡಿ. ಆಮೇಲೆ ಥಿನ್ನರ್‌ನಲ್ಲಿ ಒರೆಸಿ, ಉಗುರು ಆಡಿಸಿ ನೋಡಿ. ಎಲ್ಲಿಯೂ ಉಗುರು ತಡೆಯಬಾರದು. ಹೊಸ ಪೇಪರ್ ಪ್ಯಾಕಿಂಗಿಗೆ ಅನಾಬಾಂಡ್ ಅಂಟು ತೆಳ್ಳಗೆ, ಬೆರಳಿನಲ್ಲಿ ಸವರಿದಷ್ಟು. ನಿಮ್ಮ ನಾಲ್ಕನೇ ಫೋಟೊದಲ್ಲಿ ಅಂಚಿನಿಂದ ಸಿಲಿಕಾನ್ ಹುಳದ ಹಾಗೆ ಹೊರಗೆ ಬಂದಿದೆ. ಹೊರಗೆ ಅಷ್ಟು ಬಂದಿದ್ದರೆ ಒಳಗೂ ಅಷ್ಟೇ ಬಂದಿರುತ್ತದೆ. ಅದು ಕಿತ್ತುಕೊಂಡು ರೇಡಿಯೇಟರ್‌ನ ಸಣ್ಣ ಕೊಳವೆಯಲ್ಲಿ ಕೂರುತ್ತದೆ. ಮೆಕ್ಯಾನಿಕ್ ಎಷ್ಟೇ ಬೇಕಾದವರಾಗಲಿ, ಇದನ್ನು ಬೇಡ ಅನ್ನಿ.

ಬೋಲ್ಟುಗಳನ್ನು ಎದುರು ಬದುರಾಗಿ, ಎರಡು ಸುತ್ತಿನಲ್ಲಿ ಬಿಗಿ ಮಾಡಿ. 13ರ ಸ್ಪ್ಯಾನರ್ ಹಿಡಿಯುವ 8 ಎಂಎಂ ಬೋಲ್ಟಿಗೆ ನಾನು 20 ನ್ಯೂಟನ್ ಮೀಟರ್ ಆಸುಪಾಸು ಕೊಡುತ್ತೇನೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಹೋಸ್ ಪೈಪ್ ಹಿಂಡಿ ನೋಡಿ, ಕರಕರ ಅಂದರೆ ಅದನ್ನೂ ಬದಲಿಸಿ.

ಪಂಪಿನ ಕಂಪನಿ ಬಗ್ಗೆ ಕೇಳಿದ್ದೀರಿ. ಮಹೀಂದ್ರಾ ಜೆನ್ಯೂನ್ ಸಿಕ್ಕರೆ ಅದೇ ತನ್ನಿ, ಬಿಲ್ ಸಮೇತ. ಅದೇ ಥರದ ಡಬ್ಬಿಯಲ್ಲಿ ನಕಲಿಯೂ ಬರುತ್ತದೆ. ಹೆಸರಿಲ್ಲದ ಪಂಪ್ ತಂದು ನಾನೊಮ್ಮೆ ಕೆಟ್ಟಿದ್ದೇನೆ. ಯಾವುದೇ ಆಗಲಿ, ಅಂಗಡಿಯಲ್ಲೇ ಹಬ್ ತಿರುಗಿಸಿ. ಬೆಣ್ಣೆಯ ಹಾಗೆ ತಿರುಗಬೇಕು, ಅಲ್ಲಾಡಬಾರದು. ಹಳೆ ಪಂಪ್ ಪಕ್ಕದಲ್ಲಿಟ್ಟು ಹಬ್ಬಿನ ಎತ್ತರ ಅಳೆಯಿರಿ. ಎರಡು ಮಿಲಿಮೀಟರ್ ವ್ಯತ್ಯಾಸ ಬಂದರೂ ಬೆಲ್ಟ್ ಓರೆಯಾಗುತ್ತದೆ.

ಇನ್ನು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್ ಕಡೆ ನೀರು ಬಿಡುವ ಬಾಗಿಲು) ತೆಗೆದು ಬಿಸಾಕಿ ಅಂತ ಒಬ್ಬರು ಬರೆದಿದ್ದಾರೆ. ಅವರಿಗೆ ಕೈ ಮುಗಿದು ಹೇಳುತ್ತೇನೆ, ಹೀಗೆ ಸಲಹೆ ಕೊಡಬೇಡಿ. ಅದು ಇಲ್ಲದಿದ್ದರೆ ಇಂಜಿನ್ ಬೇಕಾದ ಬಿಸಿಗೆ ಬರುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಬೈಪಾಸ್ ದಾರಿ ಇರುವ ಇಂಜಿನ್‌ಗಳಲ್ಲಿ ನೀರು ರೇಡಿಯೇಟರ್‌ಗೆ ಹೋಗದೆ ಅಲ್ಲಲ್ಲೇ ಸುತ್ತಿ ಇನ್ನೂ ಜಾಸ್ತಿ ಬಿಸಿಯಾಗುವುದೂ ಉಂಟು. ಅನುಮಾನ ಇದ್ದರೆ ದಾರದಲ್ಲಿ ಕಟ್ಟಿ, ತಳಕ್ಕೆ ತಾಗದ ಹಾಗೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಅಂತಲೋ ಏನೋ ಡಿಗ್ರಿ ಬರೆದಿರುತ್ತದೆ, ಆ ಬಿಸಿಗೆ ಬಾಯಿ ಬಿಡಲು ಶುರು ಮಾಡಬೇಕು. ಕುದಿಯುವ ನೀರಿನಲ್ಲೂ ಬಿಡದಿದ್ದರೆ ಹೊಸದು ಹಾಕಿ.

ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕುವ ಉಪಾಯವೂ ಕಾಣಿಸಿತು. ನಡುದಾರಿಯಲ್ಲಿ ಮನೆ ಸೇರಲು ಹಾಕಿದರೆ ಒಪ್ಪುತ್ತೇನೆ. ಮನೆಗೆ ಬಂದ ದಿನವೇ ತೊಳೆಯದಿದ್ದರೆ ಸೋರುವ ಕಡೆ ಮಾತ್ರವಲ್ಲ, ಸೋರದ ಕಡೆಯೂ ಕಟ್ಟಿಕೊಳ್ಳುತ್ತದೆ.

ಕೂಲೆಂಟ್ ತುಂಬುವಾಗ ಗಾಡಿಯ ಮೂತಿ ಸ್ವಲ್ಪ ಏರಿನ ಕಡೆ ಇರಲಿ. ರೇಡಿಯೇಟರ್ ಕ್ಯಾಪ್ ತೆಗೆದೇ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಹೀಟರ್ ಇದ್ದರೆ ಬಿಸಿ ಕಡೆಗೆ ತಿರುಗಿಸಿ, ಮೇಲಿನ ಹೋಸ್ ಹಿಂಡುತ್ತಾ ಇರಿ. ಥರ್ಮೋಸ್ಟಾಟ್ ತೆರೆದಾಗ ಹೋಸ್ ಒಮ್ಮೆಲೇ ಬಿಸಿಯಾಗಿ ನೀರು ಕೆಳಗೆ ಇಳಿಯುತ್ತದೆ. ಆಗ ತುಂಬಿ ಕ್ಯಾಪ್ ಹಾಕಿ. ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದಿದ್ದರೆ ಅದು ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ) ಇರಲಿಕ್ಕಿಲ್ಲ, ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಹಾಕಿದ ಮೇಲೆ ಇಂಜಿನ್ ಬಿಸಿ ಇರುವಾಗ ಕ್ಯಾಪ್ ಮತ್ತೆ ಮುಟ್ಟಬೇಡಿ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕಾಯುತ್ತಿರುತ್ತದೆ, ಕ್ಯಾಪ್ ತೆಗೆದ ಕೂಡಲೇ ಮುಖಕ್ಕೆ ಹಾರುತ್ತದೆ. ಕಾದ ಇಂಜಿನ್‌ಗೆ ತಣ್ಣೀರು ಸುರಿಯುವುದೂ ಬೇಡ, ಹೆಡ್ ಸೀಳಬಹುದು.

ಸೋಮವಾರದ ಈರುಳ್ಳಿಗೆ ಬೇರೆ ಗಾಡಿ ಮಾತಾಡಿ. ಬಾಡಿಗೆ ಹೋದರೆ ಹೋಗಲಿ. ನಾಳೆ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಬೆಲ್ಟ್ ಸಡಿಲ ಮಾಡಿ, ಫ್ಯಾನ್ ಎರಡು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ ಒಂದು ವಿಡಿಯೊ ಹಾಕಿ. ಎಷ್ಟು ಆಟ ಇದೆ ನೋಡಿ ಹೇಳುತ್ತೇನೆ.