ಬಾಡು ಬಿಡುವ ಮೊದಲು ಕಾಳು ಹಿಡಿಯಿರಿ

ಮಾಂಸಾಹಾರದಿಂದ ನಿಧಾನವಾಗಿ ಸಸ್ಯಾಹಾರಕ್ಕೆ ಬರುವ ಬಗ್ಗೆ ಬೆಂಗಳೂರಿನ ಓದುಗರು ಕೇಳಿದ ಪ್ರಶ್ನೆಗಳಿಗೆ ನಮ್ಮ ಆಹಾರ ವಿಭಾಗದ ಉತ್ತರ

ಪ್ರಶ್ನೆ: ವಯಸ್ಸು 42, ತೂಕ 60 ಕೆಜಿ. ವಾರಕ್ಕೆ ನಾಲ್ಕೈದು ದಿನ ಬಾಡು ತಿನ್ನುವ ಅಭ್ಯಾಸ. ಹೋದ ಶ್ರಾವಣದಲ್ಲಿ ಒಂದೇ ಸಲಕ್ಕೆ ಬಿಟ್ಟೆ. ಹತ್ತು ದಿನ ಆಗುವಷ್ಟರಲ್ಲಿ ಯಾವಾಗಲೂ ಹಸಿವು, ಸುಸ್ತು. ಸಂಜೆಯಾದರೆ ಬೋಂಡ, ಬಜ್ಜಿ. ತೂಕವೂ ಏರಿತು. ಮತ್ತೆ ಪ್ರಯತ್ನಿಸಬೇಕೆಂದಿದ್ದೇನೆ, ಹೇಗೆ ಶುರು ಮಾಡಲಿ?
— ನಾಗರಭಾವಿಯ ಓದುಗರು

ಉತ್ತರ: ನೀವು ಬಾಡು ಬಿಟ್ಟಿರಿ, ಆದರೆ ಅದರ ಜಾಗಕ್ಕೆ ಏನೂ ಬರಲಿಲ್ಲ. ಲೆಕ್ಕ ನೋಡಿ. ನಾಲ್ಕು ಜನರ ಸಾಂಬಾರಿಗೆ ಹಾಕುವ ತೊಗರಿಬೇಳೆ ಹೆಚ್ಚೆಂದರೆ 100 ಗ್ರಾಂ. ಅದರಲ್ಲಿರುವ ಪ್ರೋಟೀನು 22 ಗ್ರಾಂ, ತಲೆಗೆ ಐದೂವರೆ. ಮೂಳೆ ಬಿಟ್ಟು 100 ಗ್ರಾಂ ಬೆಂದ ಕೋಳಿಮಾಂಸದಲ್ಲಿ ಸುಮಾರು 27 ಗ್ರಾಂ ಇರುತ್ತದೆ. ಆ ಅಂತರವನ್ನು ನೀವು ಅನ್ನದಿಂದ ತುಂಬಿದಿರಿ, ಉಳಿದದ್ದನ್ನು ಬೋಂಡ ತುಂಬಿತು.

ಹಾಗಾಗಿ ಮೊದಲ ಎರಡು ವಾರ ಏನನ್ನೂ ಬಿಡಬೇಡಿ, ಸೇರಿಸಿ ಅಷ್ಟೆ. ಬಾಡೂಟದ ದಿನವೂ ಸೇರಿದಂತೆ ದಿನಕ್ಕೆ ಒಂದು ಹಿಡಿ, ಅಂದರೆ 40 ಗ್ರಾಂ ಒಣ ಕಾಳು ಹೊಟ್ಟೆಗೆ ಹೋಗಲಿ. ಹುರುಳಿ, ಅಲಸಂದೆ, ಹೆಸರುಕಾಳು, ಕಡಲೆ ಯಾವುದಾದರೂ ಸರಿ. ಮೂರನೇ ವಾರದಿಂದ ದಿನಗಳನ್ನು ಕಡಿಮೆ ಮಾಡಿ. ಸೋಮವಾರ, ಶನಿವಾರ ಹೇಗೂ ನಿಮ್ಮಲ್ಲಿ ‘ವಾರ’ ಇರಬಹುದು. ಆ ದಿನಗಳಿಗೆ ಅಂಟಿಕೊಂಡ ದಿನವನ್ನೇ ಮೊದಲು ತೆಗೆದುಕೊಳ್ಳಿ. ಸೋಮವಾರದ ಜೊತೆ ಮಂಗಳವಾರ ಸುಲಭವಾಗಿ ಸೇರುತ್ತದೆ, ಒಂಟಿ ಬುಧವಾರ ಸೇರುವುದಿಲ್ಲ. ಎರಡು ವಾರಕ್ಕೆ ಒಂದು ದಿನದಂತೆ ಹೋಗಿ. ಭಾನುವಾರವನ್ನು ಕೊನೆಗೆ ಇಟ್ಟುಕೊಳ್ಳಿ. ನೆಂಟರು, ಮನೆಮಂದಿ ಸೇರುವ ಆ ಊಟವನ್ನು ಮೊದಲೇ ಬಿಟ್ಟರೆ ಹಳೆಯ ದಾರಿಗೆ ಮರಳುವುದು ಸುಲಭ. ಮೊಟ್ಟೆ ಬಿಡುವ ಯೋಚನೆಯಿದ್ದರೆ ಅದು ಭಾನುವಾರಕ್ಕೂ ಆಮೇಲೆ.

ನಿಮ್ಮ ತೂಕಕ್ಕೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನು ಸಾಕು. ಬೆಳಿಗ್ಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆಯಲ್ಲಿ 12 ಗ್ರಾಂ ಸಿಗುತ್ತದೆ. ಬರೀ ಉಪ್ಪಿಟ್ಟಿನಲ್ಲಿ ಇದರ ಅರ್ಧ. ಮಧ್ಯಾಹ್ನ ಒಂದು ಮುದ್ದೆ, 40 ಗ್ರಾಂ ಕಾಳಿನ ಸಾರು, ಸ್ವಲ್ಪ ಅನ್ನ, ಒಂದು ಬಟ್ಟಲು ಮೊಸರು ಸೇರಿ 24-25 ಗ್ರಾಂ. ಸಂಜೆ ಬೋಂಡದ ಹೊತ್ತಿಗೆ 30 ಗ್ರಾಂ ಹುರಿದ ಕಡಲೇಕಾಯಿಬೀಜ, 7 ಗ್ರಾಂ. ರಾತ್ರಿ ಎರಡು ಚಪಾತಿ, 50 ಗ್ರಾಂ ಪನೀರು, ಒಂದು ಲೋಟ ಹಾಲು, ಇನ್ನೊಂದು 22. ಲೆಕ್ಕ 60 ದಾಟಿತು. ರಾಗಿಯಿಂದ ಸುಣ್ಣದಂಶವೂ ಸಿಕ್ಕಿತು: 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ.

ಒಂದು ಎಚ್ಚರಿಕೆ. ರಕ್ತಪರೀಕ್ಷೆಯಲ್ಲಿ ಕ್ರಿಯೇಟಿನಿನ್ ಹೆಚ್ಚಿದ್ದವರು, ಮೂತ್ರಪಿಂಡದ ತೊಂದರೆ ಇರುವವರು ಈ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಪ್ರಶ್ನೆ: ಕಾಳು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಆಫೀಸಿನಲ್ಲಿ ಮುಜುಗರ. ಪರಿಹಾರ ಇದೆಯೇ?
— ಯಶವಂತಪುರದ ಓದುಗರು

ಉತ್ತರ: ಕಾಳಿನಲ್ಲಿರುವ ಕೆಲವು ಸಕ್ಕರೆಗಳನ್ನು ನಮ್ಮ ಕರುಳು ಅರಗಿಸಲಾರದು. ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಗಾಳಿ ಬಿಡುತ್ತವೆ. ಈ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಎಂಟು ಗಂಟೆ ನೆನೆಸಿ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಮೊಳಕೆ ಬಂದರೆ ಇನ್ನೂ ಕಡಿಮೆಯಾಗುತ್ತದೆ, ಆದರೆ ಮೊಳಕೆಕಾಳನ್ನು ಹಸಿಯಾಗಿ ತಿನ್ನುವ ಫ್ಯಾಷನ್ ಬೇಡ, ಬೇಯಿಸಿಯೇ ತಿನ್ನಿ. ಹೆಸರುಕಾಳಿನಿಂದ ಶುರು ಮಾಡಿ, ಆಮೇಲೆ ಅಲಸಂದೆ, ಕೊನೆಗೆ ಕಡಲೆ ಮತ್ತು ರಾಜ್ಮಾ. ಎರಡು ಚಮಚದಿಂದ ಹಿಡಿಯಷ್ಟಕ್ಕೆ ಏರಲು ಎರಡು ಮೂರು ವಾರ ತೆಗೆದುಕೊಳ್ಳಿ. ಒಗ್ಗರಣೆಯ ಇಂಗು ಸುವಾಸನೆಗೆ ಒಳ್ಳೆಯದು, ಆದರೆ ಅದನ್ನೇ ನಂಬಿ ನೆನೆಸುವುದನ್ನು ಬಿಡಬೇಡಿ.

ಪ್ರಶ್ನೆ: ಕೋಳಿಸಾರಿನ ಮಸಾಲೆಯನ್ನೇ ರುಬ್ಬಿ ಕಾಳಿಗೆ ಹಾಕಿದರೂ ಸಾರು ಸಪ್ಪೆ, ನೀರುನೀರು. ಮನೆಯವರು ಬೇಡ ಅನ್ನುತ್ತಾರೆ. ಏನು ತಪ್ಪಾಗುತ್ತಿದೆ?
— ಕೆಂಗೇರಿಯ ಓದುಗರು

ಉತ್ತರ: ಬಹಳ ಮನೆಗಳಲ್ಲಿ ಸಸ್ಯಾಹಾರ ಸೋಲುವುದು ಇಲ್ಲಿಯೇ, ಪ್ರೋಟೀನಿನಲ್ಲಿ ಅಲ್ಲ. ಬಾಡಿನ ಸಾರಿನಲ್ಲಿ ಮಸಾಲೆಯ ಜೊತೆಗೆ ಇನ್ನೂ ಮೂರು ಕೆಲಸ ನಡೆಯುತ್ತವೆ. ಮಾಂಸದ ಕೊಬ್ಬು ಮಸಾಲೆಯ ಘಮವನ್ನು ಹಿಡಿದಿಡುತ್ತದೆ. ಮೂಳೆ, ಚರ್ಮದಿಂದ ಬಿಡುವ ಅಂಟು ಸಾರಿಗೆ ಮೈ ಕೊಡುತ್ತದೆ. ಮಾಂಸ ಬೇಯುವಷ್ಟು ಹೊತ್ತು ಮಸಾಲೆಯೂ ಕುದಿಯುವುದರಿಂದ ಹಸಿವಾಸನೆ ತಾನಾಗಿ ಹೋಗುತ್ತದೆ. ಕುಕ್ಕರಿನಲ್ಲಿ ಬೆಂದ ಕಾಳಿಗೆ ಮಸಾಲೆ ಹಾಕಿ ಒಂದು ಕುದಿ ಬರಿಸಿದರೆ ಈ ಮೂರೂ ಇಲ್ಲ.

ನಾಲ್ಕು ಜನಕ್ಕೆ ಹೀಗೆ ಮಾಡಿ. ಎರಡು ಬಟ್ಟಲು ಮೊಳಕೆ ಹುರುಳಿಯನ್ನು ಉಪ್ಪು ಹಾಕಿ ಬೇಯಿಸಿ, ಕಟ್ಟು ಬಸಿದಿಡಿ. ಎರಡು ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಒಂದಿಂಚಿನ ಎರಡು ಚಕ್ಕೆ, ನಾಲ್ಕು ಲವಂಗ, ಒಂದು ಚಮಚ ಗಸಗಸೆ ಎಣ್ಣೆಯಲ್ಲಿ ಹುರಿದುಕೊಳ್ಳಿ. ಎರಡು ಚಮಚ ಧನಿಯಾಪುಡಿ, ಎರಡು ಚಮಚ ಖಾರದಪುಡಿ, ಮೂರು ದೊಡ್ಡ ಚಮಚ ತೆಂಗಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಒಂದು ದೊಡ್ಡ ಚಮಚ ಹುರಿಗಡಲೆ, ಜೊತೆಗೆ ಬೆಂದ ಕಾಳು ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಸಾರಿಗೆ ಮೈ ಕೊಡುವುದು ಈ ಸೌಟು ಕಾಳೇ. ಪಾತ್ರೆಗೆ ಮೂರು ದೊಡ್ಡ ಚಮಚ ಕಡಲೇಕಾಯಿ ಎಣ್ಣೆ ಹಾಕಿ, ಇನ್ನೊಂದು ಈರುಳ್ಳಿಯನ್ನು ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿಯಿರಿ; ಹತ್ತು ನಿಮಿಷ ಬೇಕು, ಅವಸರ ಬೇಡ. ರುಬ್ಬಿದ್ದನ್ನು ಹಾಕಿ ಸಣ್ಣ ಉರಿಯಲ್ಲಿ ಎಣ್ಣೆ ಅಂಚಿಗೆ ಬಿಡುವವರೆಗೆ ಕೈಯಾಡಿಸಿ. ಎಣ್ಣೆ ಬಿಡುವ ಮೊದಲೇ ನೀರು ಸುರಿದರೆ ಕಾಲು ಗಂಟೆಯ ಕುದಿಗೆ ಧನಿಯದ ಹಸಿವಾಸನೆ ಹೋಗದು. ಆಮೇಲೆ ಕಟ್ಟು, ಒಂದು ಸುಟ್ಟ ಟೊಮ್ಯಾಟೊ, ಉಳಿದ ಕಾಳು ಹಾಕಿ ಕಾಲು ಗಂಟೆ ಕುದಿಸಿ.

ಅಗಿಯಲು ಏನಾದರೂ ಬೇಕೆನ್ನುವವರಿಗೆ ಅಣಬೆಯನ್ನು ದೊಡ್ಡ ಹೋಳು ಮಾಡಿ ಬೇರೆಯಾಗಿ ಕೆಂಪಗೆ ಹುರಿದು ಸೇರಿಸಿ. ಹಲಸಿನಕಾಯಿಯೂ ಚೆನ್ನ, ಆದರೆ ಅದು ಬಾಯಿಗೆ ಬಾಡು, ಹೊಟ್ಟೆಗಲ್ಲ: 100 ಗ್ರಾಂನಲ್ಲಿ ಪ್ರೋಟೀನು 3 ಗ್ರಾಂ ಕೂಡ ಇಲ್ಲ. ಅದರ ಜೊತೆ ಕಾಳು ಇರಲೇಬೇಕು. ಸೋಯಾ ಚಂಕ್ಸ್‌ನಲ್ಲಿ 100 ಗ್ರಾಂಗೆ 50 ಗ್ರಾಂ ಮೀರಿ ಪ್ರೋಟೀನು ಇದೆ. ಅದರ ಹಸಿಕಾಳಿನ ವಾಸನೆ ಹೋಗಬೇಕಾದರೆ ಉಪ್ಪುನೀರಿನಲ್ಲಿ ಐದು ನಿಮಿಷ ಕುದಿಸಿ, ತಣ್ಣೀರಿನಲ್ಲಿ ಎರಡು ಮೂರು ಸಲ ಹಿಂಡಿ, ಆಮೇಲೆ ಎಣ್ಣೆಯಲ್ಲಿ ಹುರಿಯಿರಿ. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರೆಗೂ ಸೋಯಾಗೂ ಕೆಲವು ಗಂಟೆ ಅಂತರ ಇಡಿ. ಡಿಸೆಂಬರ್-ಜನವರಿಯಲ್ಲಿ ಅವರೆಕಾಯಿ ಬಂದರೆ ಈ ಯಾವ ಕಸರತ್ತೂ ಬೇಡ. ಇದೇ ಮಸಾಲೆಗೆ ಹಿದಕಿದ ಬೇಳೆ ಹಾಕಿದರೆ ಕೋಳಿಯನ್ನು ಯಾರೂ ಕೇಳುವುದಿಲ್ಲ. ಸಸ್ಯಾಹಾರಕ್ಕೆ ಬರಲು ಬೆಂಗಳೂರಿನಲ್ಲಿ ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಪ್ರಶ್ನೆ: ಅಮ್ಮನಿಗೆ 61 ವರ್ಷ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಈ ವರ್ಷ ಮಾಂಸ, ಮೊಟ್ಟೆ ಎರಡನ್ನೂ ಬಿಟ್ಟಿದ್ದಾರೆ. ಬಿ12 ಜೀವಸತ್ವದ ಬಗ್ಗೆ ಹೆದರಬೇಕೇ? ಇಡ್ಲಿ ಹಿಟ್ಟು ಹುಳಿಯುವಾಗ ಬಿ12 ಬರುತ್ತದೆ ಎನ್ನುತ್ತಾರಲ್ಲ?
— ರಾಜಾಜಿನಗರದ ಓದುಗರು

ಉತ್ತರ: ಇಡ್ಲಿ ಹಿಟ್ಟನ್ನು ನೆಚ್ಚಿಕೊಳ್ಳಬೇಡಿ, ಸ್ಪಿರುಲಿನಾ ಎಂಬ ಪಾಚಿಯ ಪುಡಿಯನ್ನೂ. ಆ ಪಾಚಿಯಲ್ಲಿರುವುದು ಹೆಚ್ಚಾಗಿ ನಮ್ಮ ದೇಹಕ್ಕೆ ಒದಗದ ರೂಪದ ಬಿ12. ಸಸ್ಯಾಹಾರಿಗೆ ಬಿ12 ಸಿಗುವುದು ಹಾಲು, ಮೊಸರು, ಪನೀರಿನಿಂದ. ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂಗಿಂತ ಸ್ವಲ್ಪ ಹೆಚ್ಚು. ಅರ್ಧ ಲೀಟರ್ ಹಾಲಿನಲ್ಲಿ ಹತ್ತಿರ ಹತ್ತಿರ ಅಷ್ಟಿರುತ್ತದೆ, ಕಾಯಿಸುವಾಗ ಸ್ವಲ್ಪ ಹೋಗುತ್ತದೆ. ಎರಡು ಹೊತ್ತಿನ ಕಾಫಿಗೆ ಬೀಳುವ ಹಾಲು ಇದರ ಹತ್ತಿರಕ್ಕೂ ಬರುವುದಿಲ್ಲ.

ಪಿತ್ತಜನಕಾಂಗದಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುವುದರಿಂದ ಬಿಟ್ಟ ತಕ್ಷಣ ಏನೂ ಗೊತ್ತಾಗುವುದಿಲ್ಲ, ತೊಂದರೆ ತಡವಾಗಿ ತಲೆ ಎತ್ತುತ್ತದೆ. ನಿಮ್ಮ ಅಮ್ಮನ ವಿಷಯ ಬೇರೆ. ಮೆಟ್‌ಫಾರ್ಮಿನ್ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ, ವಯಸ್ಸೂ ತಗ್ಗಿಸುತ್ತದೆ. ಈಗಲೇ ಒಂದು ರಕ್ತಪರೀಕ್ಷೆ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಮಾತ್ರೆ, ಇಂಜೆಕ್ಷನ್ ಯಾವುದು ಬೇಕೆಂದು ವೈದ್ಯರು ಹೇಳಲಿ. ಅಂಗಾಲು ಜೋಮು, ಉರಿ ಬಂದರೆ ‘ಶುಗರ್‌ದೇ ಇರಬೇಕು’ ಎಂದು ಸುಮ್ಮನಾಗಬೇಡಿ; ಬಿ12 ಕೊರತೆಯಲ್ಲೂ ಇದೇ ಲಕ್ಷಣ. ಬರೀ ಫೋಲಿಕ್ ಆಸಿಡ್ ಮಾತ್ರೆಯನ್ನು ತಾವಾಗಿ ನುಂಗುವುದೂ ಅಪಾಯ. ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರಗಳ ಹಾನಿ ಒಳಗೆ ಮುಂದುವರಿಯುತ್ತದೆ.

ಪ್ರಶ್ನೆ: 14 ವರ್ಷದ ಮಗಳು ಇನ್ನು ಮಾಂಸ ತಿನ್ನುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ರಕ್ತ ಕಡಿಮೆಯಾಗುತ್ತದೆ ಎಂದು ಅವರಜ್ಜಿಯ ತಕರಾರು.
— ಬನಶಂಕರಿಯ ಓದುಗರು

ಉತ್ತರ: ಅಜ್ಜಿಯ ಆತಂಕದಲ್ಲಿ ಹುರುಳಿದೆ. ಈ ವಯಸ್ಸಿನ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಕಾಳು-ಸೊಪ್ಪಿನ ಕಬ್ಬಿಣ ಮಾಂಸದ್ದರಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ. ಹಟಕ್ಕೆ ಹಟ ಬೇಡ, ಎರಡು ಅಭ್ಯಾಸ ಮಾಡಿಸಿ. ಕಾಳುಪಲ್ಯ, ಮಸ್ಸೊಪ್ಪಿಗೆ ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಿ, ಅಥವಾ ಊಟದ ಜೊತೆ ಸೀಬೆಹಣ್ಣಿನ ಹೋಳು ಕೊಡಿ. ಕುದಿಯುವ ಪಾತ್ರೆಗೆ ಹಿಂಡಿದರೆ ‘ಸಿ’ ಜೀವಸತ್ವ ಹಾಳಾಗುತ್ತದೆ. ಕಾಫಿ, ಟೀ ಊಟ ತಿಂಡಿಯಿಂದ ಒಂದು ಗಂಟೆ ದೂರ ಇರಲಿ. ದೋಸೆಯ ಬೆನ್ನಿಗೇ ಕಾಫಿ ಕುಡಿದರೆ ಕಬ್ಬಿಣಾಂಶ ಬಹುಪಾಲು ಹೊರಗೇ ಹೋಗುತ್ತದೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಬಂದರೆ ಆಹಾರವೊಂದರಿಂದಲೇ ಸರಿಪಡಿಸಲು ಕಾಯಬೇಡಿ, ವೈದ್ಯರಿಗೆ ತೋರಿಸಿ. ಮುಂದಿನ ಪರೀಕ್ಷೆಯವರೆಗಾದರೂ ಮೊಟ್ಟೆ ತಿನ್ನಲು ಮಗಳು ಒಪ್ಪಿದರೆ ಪ್ರೋಟೀನು, ಬಿ12 ಚಿಂತೆ ತಗ್ಗುತ್ತದೆ; ಕಬ್ಬಿಣಕ್ಕೆ ಮಾತ್ರ ಮೊಟ್ಟೆ ಹೆಚ್ಚು ನೆರವಾಗದು.

ಪ್ರಶ್ನೆ: ಹೊರಗೆ ತಿನ್ನುವಾಗ ಏನು ಗಮನಿಸಬೇಕು?
— ವೈಟ್‌ಫೀಲ್ಡ್‌ನ ಓದುಗರು

ಉತ್ತರ: ಪ್ಯಾಕೆಟ್ಟಿನ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ತ್ರಿಕೋನವಿದ್ದರೆ ಮಾಂಸಾಹಾರ. ಮೊಟ್ಟೆ ಹಾಕಿದ್ದಕ್ಕೂ ಈ ತ್ರಿಕೋನವೇ. ಹೋಟೆಲಿನ ಸೂಪು, ಥಾಯ್ ಕರಿಗಳಲ್ಲಿ ಚಿಕನ್ ಸ್ಟಾಕ್ (ಕೋಳಿ ಬೇಯಿಸಿ ಬಸಿದ ನೀರು), ಮೀನಿನ ಸಾಸ್ ಇರಬಹುದು, ‘ವೆಜ್ಜಾ?’ ಎನ್ನುವ ಬದಲು ‘ಸ್ಟಾಕ್ ಯಾವುದು?’ ಎಂದು ಕೇಳಿ. ಅಯ್ಯಂಗಾರ್ ಬೇಕರಿಗಳಲ್ಲಿ ಮೊಟ್ಟೆ ಹಾಕದಿರುವುದು ಹಳೆಯ ಪದ್ಧತಿ, ಆದರೆ ಆ ಬೋರ್ಡು ಈಗ ಬೀದಿಗೊಂದಿದೆ, ಕೇಳಿಯೇ ಕೊಳ್ಳಿ. ಕ್ಯಾಂಟೀನಿನಲ್ಲಿ ರೈಸ್‌ಬಾತ್ ಒಂದನ್ನೇ ತೆಗೆದುಕೊಳ್ಳುವ ದಿನ ಮನೆಯಿಂದ ಒಂದು ಡಬ್ಬಿ ಉಸಲಿ ಒಯ್ಯಿರಿ.