ಸಾರ್ವಜನಿಕ ಆರೋಗ್ಯ ಪೋಷಣೆಯಲ್ಲಿ ವಿಶ್ವವಿದ್ಯಾಲಯದ ಸಂಶೋಧನಾ ತಂಡವನ್ನು ಮುನ್ನಡೆಸುವ ಹಂತಕ್ಕೆ ಬರುವುದು ಹೇಗೆ?

ಪೋಷಣಾ ವಿಜ್ಞಾನ ಇಲ್ಲವೇ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ, ಪಿಎಚ್‌ಡಿ, ಆಮೇಲೆ ಕೆಲವು ವರ್ಷ ಪೋಸ್ಟ್‌ಡಾಕ್, ಅಂದರೆ ಹಿರಿಯ ಸಂಶೋಧಕರ ಬಳಿ ಪಿಎಚ್‌ಡಿ ನಂತರದ ಸಂಶೋಧನೆ. ದಾರಿ ಇಷ್ಟೇ, ಆದರೆ ಬಹಳ ಮಂದಿ ಎಡವುವುದು ಅಳತೆಯಲ್ಲಿ. ನಿನ್ನೆ ಏನೇನು ತಿಂದಿರಿ ಎಂದು ಕೇಳಿ ಬರೆದುಕೊಳ್ಳುವ 24 ಗಂಟೆಯ ಆಹಾರ ಸ್ಮರಣೆ ಒಂದೇ ದಿನದ್ದಾದರೆ ಗುಂಪಿನ ಸರಾಸರಿ ಸಿಗುತ್ತದೆ, ವ್ಯಕ್ತಿಯ ರೂಢಿಯ ಸೇವನೆ ಸಿಗುವುದಿಲ್ಲ. ಒಂದಷ್ಟು ಜನರಿಂದಲಾದರೂ ನಡುವೆ ದಿನ ಬಿಟ್ಟು ಎರಡನೇ ಬಾರಿ ಮಾಹಿತಿ ಪಡೆಯಬೇಕು. ಇಲ್ಲದಿದ್ದರೆ ದಿನದಿಂದ ದಿನಕ್ಕಾಗುವ ಏರಿಳಿತವೂ ಲೆಕ್ಕಕ್ಕೆ ಸೇರಿ, ಕೊರತೆ ಇರುವವರ ಪ್ರಮಾಣವೇ ತಪ್ಪಾಗಿ ಬರುತ್ತದೆ. ಇದನ್ನು ಕಿರಿಯರಿಗೆ ಕಲಿಸುವಷ್ಟು ಅರಿತವರನ್ನೇ ನಾನು ನಾಯಕತ್ವಕ್ಕೆ ಸಿದ್ಧರೆನ್ನುವುದು.

ಮುಂದೆ ಅನುದಾನದ ಅರ್ಜಿ, ನೈತಿಕ ಸಮಿತಿಯ ಅನುಮತಿ. ಕ್ಲಿನಿಕಲ್ ಪ್ರಯೋಗವಾದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ಪ್ರಯೋಗಗಳ ಸಾರ್ವಜನಿಕ ದಾಖಲೆಯಲ್ಲಿ ನೋಂದಣಿ ಆಗಿರಬೇಕು. ತಡವಾದರೆ ಹಲವು ಸಂಶೋಧನಾ ಪತ್ರಿಕೆಗಳು ಪ್ರಬಂಧವನ್ನು ತೆಗೆದುಕೊಳ್ಳುವುದೇ ಇಲ್ಲ.

ಫಲ ಬರುವುದು ನಿಧಾನ. ಫೋಲಿಕ್ ಆಮ್ಲ ಎಂಬ ಬಿ ವಿಟಮಿನ್, ಮಗುವಿನ ನರನಾಳ ದೋಷ (ಗರ್ಭದಲ್ಲಿ ಮಿದುಳು ಇಲ್ಲವೇ ಬೆನ್ನುಹುರಿ ಸರಿಯಾಗಿ ರೂಪುಗೊಳ್ಳದಿರುವುದು) ತಾಯಿಯ ಮುಂದಿನ ಗರ್ಭದಲ್ಲಿ ಮರುಕಳಿಸುವುದನ್ನು 72% ತಗ್ಗಿಸುತ್ತದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ ತೋರಿಸಿದ್ದು 1991ರಲ್ಲಿ. ಅಮೆರಿಕದಲ್ಲಿ ಪುಷ್ಟೀಕರಿಸಿದ ಧಾನ್ಯದ ಹಿಟ್ಟಿಗೆ ಅದನ್ನು ಬೆರೆಸುವುದು ಕಡ್ಡಾಯವಾದದ್ದು 1998ರಲ್ಲಿ. ಹಾಗಾಗಿ ನೀತಿ ರೂಪಿಸುವವರನ್ನು ಫಲಿತಾಂಶ ಬಂದ ಮೇಲಲ್ಲ, ಅಧ್ಯಯನದ ವಿನ್ಯಾಸ ಮಾಡುವಾಗಲೇ ಜೊತೆಗೆ ಕೂರಿಸಿಕೊಳ್ಳಿ.