ಐವತ್ತು ಬೇಡ, ಒಂದು ಸಾಕು. ಆದರೆ ಯಾರಿಗಾದರೂ ಹೇಳಿ

ಕೆಲಸ ಹೋಗಿದೆ, ಮನೆಯಲ್ಲಿ ಎಲ್ಲರೂ ಚಿಂತೆಯಲ್ಲಿದ್ದಾರೆ, ರಾತ್ರಿ ನಿದ್ದೆ ಇಲ್ಲ, ಮನಸ್ಸು ಹಗುರಾಗುವಂಥ ಐವತ್ತು ತಮಾಷೆಯ ಸಂಗತಿ ಹೇಳಿ ಅಂತ ಕೇಳಿದ್ದೀರಿ. ಓದಿದ ಕೂಡಲೇ ನನಗೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಐಸಿಯು ಹೊರಗಿನ ಕಬ್ಬಿಣದ ಕುರ್ಚಿ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಅಲ್ಲಿ ಕೂತು ನಾನೂ ಇದನ್ನೇ ಹುಡುಕುತ್ತಿದ್ದೆ.

ಅಪ್ಪನಿಗೆ ಕರುಳಿನ ಆಪರೇಷನ್ ಆಗಿತ್ತು. ಆಮೇಲೆ ಸೋಂಕಾಗಿ ವೆಂಟಿಲೇಟರ್ ಹಾಕಿದರು. ಹೊರಗೆ ನಾನು ಮತ್ತು ನನ್ನ ತಮ್ಮ. ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಉಳಿದ ಹೊತ್ತೆಲ್ಲ ಬಾಗಿಲು ನೋಡುತ್ತಾ ಕೂರುವುದು.

ಮೂರನೇ ರಾತ್ರಿ ಮೊಬೈಲಿನಲ್ಲಿ ಏನೋ ಓದಿ ನಗು ಬಂತು. ಕಡಲ ನೀರುನಾಯಿಗೆ ಕಂಕುಳಲ್ಲಿ ಸಡಿಲ ಚರ್ಮದ ಜೇಬು ಇರುತ್ತದಂತೆ. ಚಿಪ್ಪು ಒಡೆಯುವ ಕಲ್ಲನ್ನೂ ಅದರಲ್ಲೇ ಇಟ್ಟುಕೊಳ್ಳುತ್ತದಂತೆ. ಎರಡು ನಿಮಿಷ ಅಪ್ಪನ ಚಿಂತೆ ಮರೆತೆ. ಅಲ್ಲಿಂದ ಶುರುವಾಯಿತು. ಒಂದಾದ ಮೇಲೆ ಒಂದು ಓದುವುದು, ನೋಟ್ಸ್‌ನಲ್ಲಿ ಬರೆದಿಡುವುದು. ವಾರದಲ್ಲಿ ನೂರು ದಾಟಿತು.

ನನ್ನ ತಪ್ಪು ಇಲ್ಲೇ ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಇದೇ ದಾರಿಯಲ್ಲಿದ್ದೀರಿ ಅನಿಸುತ್ತಿದೆ. ಓದಿದ್ದು ತಪ್ಪಲ್ಲ, ನಕ್ಕಿದ್ದೂ ತಪ್ಪಲ್ಲ. ಒಬ್ಬಳೇ ಓದಿದೆ, ಒಬ್ಬಳೇ ನಕ್ಕೆ. ಅದು ತಪ್ಪು. ಪಕ್ಕದ ಕುರ್ಚಿಯಲ್ಲೇ ತಮ್ಮ ಇದ್ದ. ಅವನಿಗೆ ಒಂದೂ ಹೇಳಲಿಲ್ಲ. ಅಪ್ಪ ಒಳಗೆ ಹಂಗೆ ಮಲಗಿರುವಾಗ ನೀರುನಾಯಿಯ ಜೇಬಿನ ಕಥೆ ಹೇಳಿದರೆ ಇವಳಿಗೆ ಕರುಳೇ ಇಲ್ಲ ಅಂದುಕೊಳ್ಳುತ್ತಾನೆ ಅಂತ ಹೆದರಿದೆ. ಮೊಬೈಲ್ ಬೆಳಕು ಕಡಿಮೆ ಮಾಡಿಕೊಂಡು, ಸೆರಗು ಮರೆ ಮಾಡಿಕೊಂಡು ಓದುತ್ತಿದ್ದೆ. ಹೀಗೆ ಒಬ್ಬರೇ ಓದುವಾಗ ಒಂದು ಸಂಗತಿ ಅರ್ಧ ನಿಮಿಷವೂ ಬಾಳುವುದಿಲ್ಲ. ನಗು ಆರಿದ ಕೂಡಲೇ ಭಯ ವಾಪಸ್. ಮತ್ತೆ ಇನ್ನೊಂದು ಬೇಕು. ಮೂರು ಗಂಟೆ, ನಾಲ್ಕು ಗಂಟೆ, ಹೊರಗೆ ಹಾಲಿನ ಗಾಡಿ ಬರುವವರೆಗೂ ಅದೇ.

ಹನ್ನೊಂದನೇ ದಿನ ಬೆಳಿಗ್ಗೆ ಕೂತಲ್ಲೇ ನಿದ್ದೆ ಹೋದೆ. ತಮ್ಮ ಔಷಧಿ ತರಲು ಕೆಳಗೆ ಹೋಗಿದ್ದ. ಅಪ್ಪನ ಹೆಸರು ಕೂಗಿದರಂತೆ, ಎರಡು ಸಲ. ನನಗೆ ಕೇಳಿಸಲಿಲ್ಲ. ಹತ್ತು ನಿಮಿಷ ಮುಗಿಯಿತು. ಅವತ್ತೇ ಅಪ್ಪನ ಗಂಟಲಿನ ಪೈಪ್ ತೆಗೆದಿದ್ದರು. ಹತ್ತು ದಿನದ ಮೇಲೆ ಅಪ್ಪ ಮೊದಲ ಸಲ ಬಾಯಿ ಬಿಟ್ಟು ನರ್ಸ್‌ಗೆ ಕೇಳಿದ್ದು, 'ಮಕ್ಕಳು ಊರಿಗೆ ಹೋದ್ರೇನ್ರೀ?' ಅಂತ.

ಅದನ್ನು ನರ್ಸ್ ಬಂದು ನನಗೆ ಹೇಳಿದರು. ಈಗ ಬರೆಯುವಾಗಲೂ ಗಂಟಲು ಕಟ್ಟುತ್ತದೆ.

ಮಾರನೇ ದಿನ ಒಳಗೆ ಹೋದಾಗ ಏನು ಮಾತಾಡಬೇಕೋ ಗೊತ್ತಾಗಲಿಲ್ಲ. ಬಾಯಿಗೆ ಬಂದದ್ದು ವೊಂಬ್ಯಾಟ್. 'ಅಪ್ಪಾ, ಆಸ್ಟ್ರೇಲಿಯಾದಾಗ ಒಂದು ಪ್ರಾಣಿ ಐತಿ. ಅದರ ಹಿಕ್ಕಿ ಚೌಕ ಇರ್ತಾವು, ದಾಳದಂಗ' ಅಂದೆ. ಅಪ್ಪ ಕಣ್ಣು ತೆರೆದು ನನ್ನನ್ನೇ ನೋಡಿದ. ಆಡು ಸಾಕಿದ ಮನುಷ್ಯ. 'ಆಡಿನ ಹಿಕ್ಕಿ ದುಂಡಗ ಇರ್ತಾವು. ಇದಕ್ಕ ಮೂಲಿ ಹೆಂಗ ಬಂತವಾ?' ಅಂದ. ನಾನು ಓದಿದ್ದನ್ನು ಹೇಳಿದೆ. ಅದರ ಕರುಳಿನ ಕೊನೆಯ ಭಾಗ ಎಲ್ಲ ಕಡೆ ಒಂದೇ ಸಮ ಹಿಗ್ಗುವುದಿಲ್ಲ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಒಳಗಿದ್ದದ್ದು ಒಣಗುತ್ತಾ ಬಂದ ಹಾಗೆ ಮೂಲೆ ಮೂಡುತ್ತದೆ. ಇದನ್ನು ಕಂಡುಹಿಡಿದವರಿಗೆ 2019ರಲ್ಲಿ ಇಗ್ ನೊಬೆಲ್ ಕೊಟ್ಟರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. 'ಒಂದು ರಾತ್ರಿಗೆ ನೂರರ ತನಕ ಹಾಕ್ತದಂತ' ಅಂದೆ.

ಕರುಳಿನ ಆಪರೇಷನ್ ಆದವರ ಹತ್ತಿರ ಡಾಕ್ಟರ್ ದಿನಾ ಕೇಳುವುದು ಒಂದೇ ಪ್ರಶ್ನೆ, ಮೋಷನ್ ಆಯ್ತಾ ಅಂತ. ಅಪ್ಪ ಮೆಲ್ಲಗೆ ಅಂದ, 'ನನಗ ಇನ್ನೂ ಒಂದೂ ಇಲ್ಲ. ಅದಕ್ಕ ನೂರಾ?'

ಇಬ್ಬರೂ ನಕ್ಕೆವು. ಅಪ್ಪ ಹೊಲಿಗೆ ಹಿಡಿದುಕೊಂಡು ನಕ್ಕ. ನರ್ಸ್ ಬೈದು, ಆಮೇಲೆ ವಿಷಯ ಕೇಳಿ ತಾವೂ ನಕ್ಕರು.

ಅವತ್ತು ಸಂಜೆ ಕ್ಯಾಂಟೀನಿನಲ್ಲಿ ತಮ್ಮನಿಗೆ ಗೀಜಗನ ಸಂಗತಿ ಹೇಳಿದೆ. ಗಂಡು ಗೀಜಗ ಅರ್ಧ ಗೂಡು ನೇಯ್ದು ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತದೆ. ತಮ್ಮನ ಮನೆ ಆಗ ಸ್ಲ್ಯಾಬ್ ಮಟ್ಟಕ್ಕೆ ನಿಂತಿತ್ತು, ಹೆಣ್ಣಿನ ಕಡೆಯವರು ಎರಡು ಸಲ ನೋಡಿಕೊಂಡು ಹೋಗಿದ್ದರು. ಅವನು ಚಹಾ ಉಗುಳುವಷ್ಟು ನಕ್ಕ. ಆಮೇಲೆ ಅತ್ತ. ಹನ್ನೆರಡು ದಿನದಲ್ಲಿ ನಾವಿಬ್ಬರೂ ಸರಿಯಾಗಿ ಮಾತಾಡಿದ್ದು ಅವತ್ತೇ.

ರಾಬರ್ಟ್ ಪ್ರೊವೈನ್ ಅಂತ ಒಬ್ಬ ಅಮೆರಿಕದ ವಿಜ್ಞಾನಿ ನಗುವಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಒಬ್ಬರೇ ಇದ್ದಾಗ ನಗುವುದಕ್ಕಿಂತ ಜೊತೆಯಲ್ಲಿ ಇದ್ದಾಗ ಜನ ಸುಮಾರು 30 ಪಟ್ಟು ಜಾಸ್ತಿ ನಗುತ್ತಾರೆ ಅಂತ ಅವರು ಕಂಡುಕೊಂಡರು. ನನಗೆ ಇದು ಆಮೇಲೆ ಸಿಕ್ಕಿತು. ಆ ಹತ್ತು ರಾತ್ರಿಗಳ ಮುಂಚೆ ಸಿಗಬೇಕಿತ್ತು.

ಆದ್ದರಿಂದ ನಾನು ಐವತ್ತರ ಪಟ್ಟಿ ಕೊಡುವುದಿಲ್ಲ. ಕೊಟ್ಟರೆ ಇವತ್ತು ರಾತ್ರಿ ಅದನ್ನು ಮುಗಿಸಿ ನಾಳೆ ಇನ್ನೊಂದು ಪಟ್ಟಿ ಹುಡುಕುತ್ತೀರಿ. ಫಾರ್ವರ್ಡ್ ಮಾಡುವುದೂ ಬೇಡ. ಬಾಯಲ್ಲಿ ಹೇಳಿ. ಎದುರಿನವರು 'ಅದು ಹೆಂಗೆ?' ಅಂತ ಕೇಳಬೇಕು, ನೀವು ಉತ್ತರ ಹುಡುಕಬೇಕು. ಅದಕ್ಕೆ ಕಾರಣ ಗೊತ್ತಿರುವ ಸಂಗತಿಯನ್ನೇ ಆರಿಸಿಕೊಳ್ಳಿ. ಮತ್ತೆ, ರಾತ್ರಿ ಹತ್ತರ ಮೇಲೆ ಮೊಬೈಲ್ ಇನ್ನೊಂದು ಕೋಣೆಯಲ್ಲಿ ಇಡಿ. ಇದರಲ್ಲಿ ನಾನು ಹಠಮಾರಿ.

ಬರಿಗೈಯಲ್ಲಿ ಕಳಿಸುವುದಿಲ್ಲ, ಒಂದು ಕೊಡುತ್ತೇನೆ. 1977ರಲ್ಲಿ ಬಾಹ್ಯಾಕಾಶಕ್ಕೆ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲೂ ಚಿನ್ನದ ಲೇಪದ ಒಂದೊಂದು ಗ್ರಾಮಫೋನ್ ತಟ್ಟೆ ಇದೆ. ಬೇರೆ ಲೋಕದವರು ಸಿಕ್ಕರೆ ಕೇಳಲಿ ಅಂತ 55 ಭಾಷೆಗಳಲ್ಲಿ ನಮಸ್ಕಾರ ಹೇಳಿ ಕಳಿಸಿದ್ದಾರೆ. ಅದರಲ್ಲಿ ಕನ್ನಡವೂ ಇದೆ. 'ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.' ವಾಯೇಜರ್ 1 ಈಗ 2400 ಕೋಟಿ ಕಿಲೋಮೀಟರಿಗೂ ದೂರದಲ್ಲಿದೆ. ಅಲ್ಲಿಂದ ಸಂಕೇತ ಬರಲು 22 ಗಂಟೆಗೂ ಜಾಸ್ತಿ ಬೇಕು. ಐಸಿಯು ಹೊರಗೆ ಇದನ್ನು ಹೇಳಿದಾಗ ಬಾಗಲಕೋಟೆಯ ಒಬ್ಬ ಅಜ್ಜ ಕೇಳಿದ್ದರು, 'ಅವರು ತಿರುಗಿ ಕನ್ನಡದಾಗ ಮಾತಾಡಿದ್ರ ಯಾರು ಎತ್ತವ್ರು?' ಆ ಸಾಲಿನ ಕುರ್ಚಿಗಳವರೆಲ್ಲ ಅರ್ಧ ಗಂಟೆ ಅದನ್ನೇ ಚರ್ಚೆ ಮಾಡಿದೆವು.

ಅಪ್ಪ ಹತ್ತೊಂಬತ್ತನೇ ದಿನ ಮನೆಗೆ ಬಂದ. ನಮ್ಮೂರು ಲಕ್ಷ್ಮೇಶ್ವರದ ಹತ್ತಿರ. ಶಿರಹಟ್ಟಿ ಕಡೆ ಮಾಗಡಿ ಕೆರೆ ಇದೆ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯ ದಾಟುವಾಗ 7 ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಲ್ಲಿಯ ತೆಳು ಗಾಳಿಯಿಂದಲೂ ಆಮ್ಲಜನಕ ಹಿಡಿದುಕೊಳ್ಳುವ ಶಕ್ತಿ ಅವುಗಳ ರಕ್ತಕ್ಕಿದೆ. ಈಗ ಪ್ರತಿ ವರ್ಷ ಡಿಸೆಂಬರಿನಲ್ಲಿ ಅಪ್ಪನೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಇದನ್ನು ಮೊದಲ ಸಲ ಹೇಳುವವರ ಹಾಗೆ ಹೇಳುತ್ತಾನೆ. ನಾನೂ ಪ್ರತಿ ಸಲ 'ಅದು ಹೆಂಗಪಾ?' ಅಂತ ಕೇಳುತ್ತೇನೆ.

ನೀವು ಮನೆಯಲ್ಲಿ ಎಲ್ಲರೂ ಚಿಂತೆಯಲ್ಲಿದ್ದಾರೆ ಅಂತ ಬರೆದಿದ್ದೀರಲ್ಲ, ಅವರಲ್ಲಿ ಒಬ್ಬರಿಗೆ ಇವತ್ತು ಊಟದ ಹೊತ್ತಿಗೆ ವಾಯೇಜರ್ ಕಥೆ ಹೇಳಿ. ಅವರು ಏನು ಕೇಳಿದರು ಅಂತ ಇಲ್ಲಿ ಬರೆಯಿರಿ. ನಾನು ನೋಡುತ್ತಿರುತ್ತೇನೆ.